ಕಾದಂಬರಿಯ ಲೋಕಕ್ಕೆ ಇನ್ನೇನು ಸೇರಿಸಲಿ ಎಂದು ಕೇಳಿದವರಿಗೆ

ಐದು ರಾಜ್ಯಗಳ ಭೂಪಟ, ಎರಡು ಲಿಪಿ, ಹನ್ನೆರಡು ತಲೆಮಾರಿನ ವಂಶಾವಳಿ ಎಲ್ಲ ಆಗಿದೆ, ಇನ್ನೇನು ಸೇರಿಸಿದರೆ ಕಾದಂಬರಿ ಶುರು ಮಾಡಬಹುದು ಎಂದು ಕೇಳಿದ್ದೀರಿ. ಏನೂ ಸೇರಿಸಬೇಡಿ. ಇದೇ ದಾರಿಯಲ್ಲಿ ಬಂದವನಾದ್ದರಿಂದ ಖಂಡಿತವಾಗಿ ಹೇಳುತ್ತೇನೆ: ನಿಮ್ಮ ಪಟ್ಟಿಯ ತುಂಬ ಹೆಸರುಗಳಿವೆ, ಆದರೆ ಆ ಲೋಕದಲ್ಲಿ ನಮ್ಮಲ್ಲಿ ನಡೆಯದ್ದು ಏನು ನಡೆಯುತ್ತದೆ ಎನ್ನುವುದು ಎಲ್ಲೂ ಇಲ್ಲ. ಅಂಥದ್ದು ಒಂದೇ ಒಂದು ಸಾಕು. ಎರಡು ಬೇಡ.

ಒಂದು ನಿಜವಾದ ಕಲ್ಲಿನಿಂದ ತೋರಿಸುತ್ತೇನೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಶಾಸನ, ಕ್ರಿ.ಶ. 949-50ರದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗ ವಂಶದ ಅರಸ ಬೂತುಗನಿಂದ ಮಣಲೇರ ಎಂಬ ವೀರ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆಯುತ್ತಾನೆ. ಕಾಳಿ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಕಾದಾಡಿ ಸಾಯುತ್ತವೆ. ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಡುತ್ತಾರೆ. ಆ ಭೂಮಿಯನ್ನು ಉಣ್ಣುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ಆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಎಂದು ಬರೆದಿದೆ.

ಈಗ ಒಂದನ್ನು ಮಾತ್ರ ಬದಲಿಸಿ. ಕಲ್ಲಿನಲ್ಲಿ ಕೊರೆದ ಶಾಪ ನಿಜಕ್ಕೂ ತಟ್ಟುತ್ತದೆ. ನಿಮ್ಮ ಲೋಕದ ಮಾಯೆ ಇಷ್ಟೇ ಇರಲಿ.

ಮೊದಲು ಗೊರವನ ಮನೆಗೆ ಹೋಗಿ. ಅವನಿಗೆ ಜ್ವರ ಬಂದು ಏಳಲಾಗದಿದ್ದರೆ ಊಟ ಹೇಗೆ? ಮಗಳ ಮದುವೆಗೆ ಪರವೂರಿಗೆ ಹೋದರೆ? ಪೂಜೆಯನ್ನು ಮಗ ಮಾಡಿದರೆ ನಡೆಯುತ್ತದೆಯೇ, ಆ ಗದ್ದೆಯ ಅಕ್ಕಿ ಕೊಂಡುಂಡವನಿಗೂ ಪಾಪ ಬರುತ್ತದೆಯೇ? ಶಾಪ ಯಾರಿಗೆ ತಟ್ಟುತ್ತದೆ, ಎಷ್ಟು ಹೊತ್ತಿನಲ್ಲಿ ತಟ್ಟುತ್ತದೆ, ಯಾವುದರಿಂದ ಕಳೆಯುತ್ತದೆ. ಈ ಮೂರಕ್ಕೂ ಒಂದೊಂದು ಸಾಲಿನ ಉತ್ತರ ಬರೆದಿಡಿ. ಕಾದಂಬರಿ ಮುಗಿಯುವವರೆಗೆ ಆ ಸಾಲುಗಳನ್ನು ಮುಟ್ಟಬೇಡಿ.

ಆಮೇಲೆ ಅರಮನೆಗೆ ಹೋಗಿ. ಒಮ್ಮೆ ಕಲ್ಲು ನೆಟ್ಟು ಕೊಟ್ಟ ಭೂಮಿಯನ್ನು ಯಾವ ಅರಸನೂ ಹಿಂದಕ್ಕೆ ಪಡೆಯಲಾರ. ಹತ್ತು ತಲೆಮಾರು ದಾನ ಕೊಟ್ಟ ಮೇಲೆ ಒಳ್ಳೆಯ ನೀರಾವರಿ ಗದ್ದೆಯೆಲ್ಲ ಕಂದಾಯದಿಂದ ಹೊರಗೆ ಬೀಳುತ್ತದೆ, ಅರಸ ಬಡವನಾಗುತ್ತಾನೆ, ಕಲ್ಲು ಬಿಟ್ಟು ತಾಳೆಗರಿಯಲ್ಲಿ ದಾನಪತ್ರ ಬರೆಸತೊಡಗುತ್ತಾನೆ. ಕಲ್ಲುಕುಟಿಗನಿಗೆ ಕಾವಲು ಬೀಳುತ್ತದೆ. ದಂಡು ಒಂದು ಊರನ್ನು ಸೂರೆ ಮಾಡುವ ಮೊದಲು ಅಲ್ಲಿನ ಕಲ್ಲುಗಳನ್ನು ಓದಬಲ್ಲವನು ಮುಂದೆ ನಡೆಯಬೇಕಾಗುತ್ತದೆ. ನಾನೂರು ವರ್ಷದಲ್ಲಿ ಲಿಪಿ ಬದಲಾಗಿ, ಯಾರೂ ಓದಲಾರದ ಕಲ್ಲಿನ ಶಾಪವೂ ಜೀವಂತವಾಗಿಯೇ ಇರುತ್ತದೆ. ಹಳೆಯ ಲಿಪಿ ಬಲ್ಲ ಒಬ್ಬ ಹುಡುಗಿಯನ್ನು ಇಲ್ಲಿ ತಂದು ನಿಲ್ಲಿಸಿದರೆ ಕಥೆ ಹೊರಡುತ್ತದೆ. ಎರಡು ಲಿಪಿ ಮಾಡಿಟ್ಟಿದ್ದೀರಲ್ಲ, ಅವುಗಳಿಗೆ ಕೆಲಸ ಸಿಗುವುದು ಹೀಗೆ.

ಬರೆದದ್ದೆಲ್ಲ ಕೈಬಿಡುವ ಹಾಗೆ ಮಾಡುವ ತಪ್ಪು ಒಂದಿದೆ, ಅದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು: ಮೊದಲ ಪರಿಣಾಮಕ್ಕೇ ನಿಂತುಬಿಡುವುದು. ಬಹಳಷ್ಟು ಹಸ್ತಪ್ರತಿಗಳಲ್ಲಿ ಮಾಯೆ ಯುದ್ಧಕ್ಕೂ ಪಟ್ಟಾಭಿಷೇಕಕ್ಕೂ ಮಾತ್ರ ಬರುತ್ತದೆ. ಸಾಲ, ಸಂತೆ, ಮದುವೆ, ಗಡಿ ವ್ಯಾಜ್ಯದ ಹತ್ತಿರ ಸುಳಿಯುವುದಿಲ್ಲ. ನಿಮ್ಮ ನಾಯಕ ಸಾಲ ತೀರಿಸಲಾಗದೆ ಊರು ಬಿಟ್ಟು ಓಡಿದ ಎಂದುಕೊಳ್ಳಿ. ಓದುಗ ನಾಲ್ಕನೇ ಅಧ್ಯಾಯದಲ್ಲೇ ಕೇಳುತ್ತಾನೆ: ಸಾಹುಕಾರ ಸಾಲಕ್ಕೂ ಒಂದು ಶಾಪದ ಕಲ್ಲು ಕೊರೆಸಬಹುದಿತ್ತಲ್ಲ? ಕೊರೆಸಬಹುದು ಎಂದಾದರೆ ಆ ನಾಡಿನಲ್ಲಿ ಸಾಲ ತಪ್ಪಿಸುವವರೇ ಇರುವುದಿಲ್ಲ. ನಾಯಕ ಓಡುವುದಿಲ್ಲ, ಓಡದಿದ್ದರೆ ಹುಡುಗಿ ಸಿಗುವುದಿಲ್ಲ, ಮುಂದಿನದೆಲ್ಲ ಕುಸಿಯುತ್ತದೆ. ನಡುವೆ ಒಂದು ವಿವರಣೆ ತುರುಕಿ ಇದನ್ನು ಸರಿಮಾಡಲು ಆಗದು, ಯಾಕೆಂದರೆ ಆ ವಿವರಣೆಗೂ ಪರಿಣಾಮಗಳಿರುತ್ತವೆ. ದಾರಿ ಒಂದೇ, ಬರೆಯುವ ಮೊದಲೇ ನಿಯಮವನ್ನು ಕಿರಿದಾಗಿಸುವುದು: ಶಾಪ ತಟ್ಟುವುದು ಭೂಮಿಗೆ ಸಂಬಂಧಿಸಿದ ಮಾತಿಗೆ ಮಾತ್ರ, ಅದೂ ಕಲ್ಲು ಆ ಭೂಮಿಯಲ್ಲೇ ನೆಟ್ಟಿದ್ದರೆ ಮಾತ್ರ. ಆಗ ಸಾಹುಕಾರನ ಕೈ ಕಟ್ಟುತ್ತದೆ, ಕಲ್ಲನ್ನು ರಾತ್ರಿ ಕಿತ್ತು ಬೇರೆಡೆ ನೆಡುವ ಕಳ್ಳರೂ ಹುಟ್ಟಿಕೊಳ್ಳುತ್ತಾರೆ. ಸಂತೆ, ಅಡುಗೆಮನೆ, ನ್ಯಾಯಕಟ್ಟೆ, ಬಾಣಂತಿ ಕೋಣೆ, ಸ್ಮಶಾನ, ಈ ಐದು ಕಡೆ ನಿಯಮವನ್ನು ಹಾಯಿಸಿ ನೋಡಿ. ಎಲ್ಲಿ ಕಥೆ ಒಡೆಯುತ್ತದೋ ಅಲ್ಲಿ ನಿಯಮ ಇನ್ನಷ್ಟು ಬಿಗಿಯಾಗಬೇಕು.

ಭೂಪಟಕ್ಕೆ ಬರೋಣ. ಚಂದಕ್ಕೆ ಬರೆದ ಭೂಪಟದಲ್ಲಿ ನದಿಗಳು ಹರಿಯುತ್ತ ಹರಿಯುತ್ತ ಕವಲೊಡೆಯುತ್ತವೆ. ನಿಜದಲ್ಲಿ ಹಾಗಾಗುವುದು ಹೆಚ್ಚಾಗಿ ಸಮುದ್ರ ಸೇರುವ ಕಡೆಯ ಬಯಲಿನಲ್ಲಿ. ಮೇಲೆ ಅವು ಕೂಡುತ್ತವೆ, ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಕೂಡಿದ ಹಾಗೆ. ಬೆಟ್ಟದ ಸಾಲು ಹಾಕಿದಿರೋ, ಮಳೆಯನ್ನೂ ಹಂಚಬೇಕು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿಂದ ನೇರಗೆರೆಯಲ್ಲಿ 200 ಕಿಲೋಮೀಟರಿನ ಒಳಗಿರುವ ಚಳ್ಳಕೆರೆ ಸೀಮೆಯಲ್ಲಿ 500ರ ಆಸುಪಾಸು. ಒಂದು ಕಡೆ ಅಡಿಕೆ, ಇನ್ನೊಂದು ಕಡೆ ಕುರಿ. ಎರಡು ರಾಜ್ಯಗಳ ಜಗಳಕ್ಕೆ ಇಷ್ಟು ಸಾಕು, ಪುರಾತನ ದ್ವೇಷ ಕಟ್ಟಬೇಕಿಲ್ಲ.

ದಂಡಿನ ಲೆಕ್ಕವನ್ನು ಕಾಗದದ ಮೇಲೆ ಮಾಡಿ. ಒಬ್ಬ ಆಳಿಗೆ ದಿನಕ್ಕೆ ಸುಮಾರು ಒಂದು ಕಿಲೋ ಕಾಳು ಎಂದರೆ ಐದು ಸಾವಿರ ಆಳಿಗೆ ದಿನಕ್ಕೆ ಐದು ಟನ್, ಇಪ್ಪತ್ತು ದಿನಕ್ಕೆ ನೂರು ಟನ್. ಹೇರೆತ್ತೊಂದು ನೂರು ಕಿಲೋ ಹೊತ್ತರೂ ಸಾವಿರ ಎತ್ತು ಬೇಕು. ದಿನಕ್ಕೆ ಇಪ್ಪತ್ತು ಕಿಲೋಮೀಟರಿಗಿಂತ ಹೆಚ್ಚು ನಡೆಸಿದರೆ ಎತ್ತುಗಳು ಸೋಲುತ್ತವೆ, ದಾರಿಯಲ್ಲಿ ಹುಲ್ಲು ನೀರು ಇಲ್ಲದಿದ್ದರೆ ಸಾಯುತ್ತವೆ. ನಮ್ಮ ಅರಸರು ಮಳೆಗಾಲ ಮುಗಿದು ವಿಜಯದಶಮಿಯ ಹೊತ್ತಿಗೆ ದಂಡೆತ್ತಿ ಹೋಗುತ್ತಿದ್ದುದರ ಹಿಂದೆ ಈ ಲೆಕ್ಕವೂ ಇದೆ. ವಿಜಯನಗರಕ್ಕೆ ಒಳ್ಳೆಯ ಕುದುರೆ ಬರುತ್ತಿದ್ದುದು ಸಮುದ್ರದಾಚೆಯಿಂದ, ಭಟ್ಕಳದಂಥ ಬಂದರುಗಳ ಮೂಲಕ. ನಿಮ್ಮ ರಾಜ್ಯದಲ್ಲಿ ಅಶ್ವದಳ ಇದ್ದರೆ ಕುದುರೆ ಎಲ್ಲಿ ಹುಟ್ಟುತ್ತದೆ, ಬಂದರು ಯಾರ ಕೈಯಲ್ಲಿದೆ ಎಂದು ತೀರ್ಮಾನಿಸಿ.

ಹೆಸರುಗಳ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ವೀರೇಂದ್ರ, ಅಗ್ನಿಕೇತು, ಮಾಯಾವತಿ ಎಂದರೆ ಓದುಗನಿಗೆ ಪೌರಾಣಿಕ ನಾಟಕದ ಪರದೆ ಎದ್ದಂತಾಗುತ್ತದೆ, ನಿಮ್ಮ ಲೋಕ ಕಾಣುವುದಿಲ್ಲ. ಶಾಸನತಜ್ಞ ಬಿ.ಎಲ್. ರೈಸ್ ಶುರು ಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾದ, ಅಂದರೆ ನಮ್ಮ ನಾಡಿನ ಶಾಸನಗಳ ಸಂಗ್ರಹದ, ಸಂಪುಟಗಳು 1886ರಿಂದ ಬರುತ್ತಿವೆ. ನಿಮ್ಮ ಜಿಲ್ಲೆಯದನ್ನು ತೆಗೆಯಿರಿ. ಎರೆಯಂಗ, ಬಿಟ್ಟಿಗ, ಏಚಲದೇವಿ, ಮಾಚಿಕಬ್ಬೆ, ಇಂಥ ಹೆಸರುಗಳು ಕನ್ನಡದವೇ, ಆದರೂ ಇವತ್ತಿನ ಕಿವಿಗೆ ಹೊಸವು. ಜೊತೆಗೆ ಯಾವುದಕ್ಕೆಲ್ಲ ತೆರಿಗೆ ಇತ್ತು, ಕೆರೆ ಯಾರು ಕಟ್ಟಿಸಿದರು, ತುರು ಕಾಯಲು ಹೋಗಿ ಯಾರು ಸತ್ತರು ಎನ್ನುವುದೂ ಅಲ್ಲೇ ಸಿಗುತ್ತದೆ. ಅವುಗಳನ್ನು ಹಾಗೆಯೇ ಎತ್ತಿಕೊಳ್ಳದೆ ಒಂದರ ತಲೆ ಇನ್ನೊಂದರ ಬಾಲ ಜೋಡಿಸಿ. ಇಬ್ಬರು ಮುಖ್ಯ ಪಾತ್ರಗಳ ಹೆಸರು ಒಂದೇ ಅಕ್ಷರದಿಂದ ಶುರುವಾಗದಂತೆ ನೋಡಿಕೊಳ್ಳಿ. ಇನ್ನೂರನೇ ಪುಟದಲ್ಲಿ ಓದುಗ ಗೊಂದಲಕ್ಕೆ ಬೀಳುವುದು ಹೆಚ್ಚಾಗಿ ಅಲ್ಲೇ.