ಮನೆ ಅಂಗಡೀಲೇ ಕೆಲ್ಸ, ಬ್ಯಾಂಕು ಸಂಬಳ ಅಂತ ಒಪ್ತಿಲ್ಲ

ಪ್ರಶ್ನೆ: ನಮಸ್ಕಾರ ಮೇಡಂ. ಗೋಣಿಕೊಪ್ಪದಲ್ಲಿ ನಮ್ದು ಗೊಬ್ಬರ, ಹಾರ್ಡ್‌ವೇರ್ ಅಂಗಡಿ, ದೊಡ್ಡಪ್ಪ ಮತ್ತೆ ಅಪ್ಪ ಇಬ್ರೂ ಪಾರ್ಟ್ನರು. ಡಿಗ್ರಿ ಮುಗ್ದಾಗಿಂದ ನಾನು ಅಲ್ಲೇ, ಲೋಡ್ ಇಳಿಸೋದ್ರಿಂದ ಹಿಡಿದು ಜಿಎಸ್‌ಟಿ ಬಿಲ್‌ವರೆಗೂ ನಾನೇ ನೋಡ್ಕೊಳ್ತೀನಿ. ಸಂಬಳ 35 ಸಾವಿರ ಅಂತ ಲೆಕ್ಕ, ಆದ್ರೆ ಒಂದಿಷ್ಟು ಅಕೌಂಟಿಗೆ ಬರುತ್ತೆ, ಒಂದಿಷ್ಟು ಬೇಕಾದಾಗ ಗಲ್ಲಾದಿಂದ ತಗೊಳ್ತೀನಿ. ಹೆಂಡತಿ ಪ್ರೈವೇಟ್ ಸ್ಕೂಲ್ ಟೀಚರ್, 22 ಸಾವಿರ, ಪೂರ್ತಿ ಅಕೌಂಟಿಗೇ. ಕುಶಾಲನಗರದಲ್ಲಿ 32 ಲಕ್ಷಕ್ಕೆ ಮನೆ ನೋಡಿದ್ದೀವಿ. ಬ್ಯಾಂಕಲ್ಲಿ ‘ನಿಮ್ಮಪ್ಪನೇ ಕೊಟ್ಟ ಸ್ಯಾಲರಿ ಸ್ಲಿಪ್ ಒಂದನ್ನೇ ನಂಬ್ಕೊಂಡು ಲೋನ್ ಕೊಡೋಕಾಗಲ್ಲ’ ಅಂದ್ರು. ದೊಡ್ಡಪ್ಪ ‘ಹಾಗಾದ್ರೆ ನಿನ್ನನ್ನೂ ಪಾರ್ಟ್ನರ್ ಮಾಡ್ಬಿಡೋಣ, ಆಮೇಲೆ ಯಾರು ಕೇಳ್ತಾರೆ’ ಅಂತಿದ್ದಾರೆ. ಕಾರ್ ಲೋನ್ ಇಎಂಐ 8 ಸಾವಿರ ನಡೀತಿದೆ. ಏನ್ ಮಾಡ್ಲಿ?
(ಹೆಸರು ಬೇಡ, ಗೋಣಿಕೊಪ್ಪ)

ಉತ್ತರ: ಮೊದ್ಲು ದೊಡ್ಡಪ್ಪನ ಮಾತು ತಗೊಳ್ತೀನಿ. ಅವರು ಪ್ರೀತಿಯಿಂದಾನೇ ಹೇಳ್ತಿದ್ದಾರೆ, ಆದ್ರೆ ಅದ್ರಿಂದ ನಿಮ್ಮ ಲೋನ್ ಇನ್ನೂ ದೂರ ಹೋಗುತ್ತೆ. ಪಾರ್ಟ್ನರ್ ಆದ ದಿನದಿಂದ ನೀವು ತಗೊಳ್ಳೋ ದುಡ್ಡು ಇನ್‌ಕಮ್ ಟ್ಯಾಕ್ಸ್ ಲೆಕ್ಕದಲ್ಲಿ ಸಂಬಳ ಅಲ್ಲ, ವ್ಯಾಪಾರದ ಆದಾಯ. ಸಂಬಳ, ಟ್ಯಾಕ್ಸ್ ಲೆಕ್ಕಕ್ಕೆ ಕೆಲ್ಸ ಕೊಟ್ಟೋರು ಕೊಡೋ ಫಾರ್ಮ್ 16 ಬರಲ್ಲ, ಬ್ಯಾಂಕು ನಿಮ್ಮನ್ನ ಸ್ವಂತ ವ್ಯಾಪಾರದವರ ಸಾಲಿಗೆ ಹಾಕಿ ಪಾರ್ಟ್ನರ್ ಆಗಿ ಎರಡು ಮೂರು ವರ್ಷದ ರಿಟರ್ನ್ ತನ್ನಿ ಅನ್ನುತ್ತೆ. ಇನ್ನೊಂದು ವಿಷ್ಯ ಇದಕ್ಕಿಂತ ದೊಡ್ದು: 1932ರ ಪಾಲುದಾರಿಕೆ ಕಾಯ್ದೆ ಪ್ರಕಾರ ಅಂಗಡಿ ಮಾಡೋ ಸಾಲಕ್ಕೆ ಪ್ರತಿಯೊಬ್ಬ ಪಾರ್ಟ್ನರೂ ಪೂರ್ತಿ ಹೊಣೆ, ಅಂದ್ರೆ ನಾಳೆ ಗೊಬ್ಬರ ಕಂಪನಿ ಬಾಕಿ ನಿಂತ್ರೆ ನೀವು ಈಗ ತಗೊಳ್ಳೋ ಮನೆ ಮೇಲೂ ಕಣ್ಣು ಬೀಳಬಹುದು. ಒಂದಲ್ಲ ಒಂದಿನ ಅಂಗಡಿ ನಿಮ್ಮ ಕೈಗೆ ಬರ್ಲಿ, ಆದ್ರೆ ಲೋನ್ ಆಸೆಗೆ ಅಂತ ಡೀಡ್‌ಗೆ ಸೈನ್ ಹಾಕ್ಬೇಡಿ.

ಬ್ಯಾಂಕಿನವರ ಮೇಲೆ ಬೇಜಾರೂ ಬೇಡ. ನಿಮ್ಮ ದುಡಿಮೆ ಮೇಲೆ ಅವರಿಗೆ ಸಂಶಯ ಇಲ್ಲ. ಸ್ಲಿಪ್ ಬರೆಯೋರೂ ಸಂಬಳ ತಗೊಳ್ಳೋರೂ ಒಂದೇ ಮನೇಲಿ ಊಟ ಮಾಡೋರಾದ್ರೆ, ಮನೆ ಹೊರಗಿನ ಯಾವುದಾದ್ರೂ ದಾಖಲೆ ಅದೇ ಅಂಕಿ ಹೇಳ್ಬೇಕು, ಅಷ್ಟೇ ಅವರು ನೋಡೋದು. ಈಗ ನಿಮ್ಮ ಪಾಸ್‌ಬುಕ್ ತೆಗೆದು ನೋಡಿ, ಒಂದು ತಿಂಗಳು 12 ಸಾವಿರ, ಇನ್ನೊಂದು ತಿಂಗಳು 20, ಕಾಫಿ ಕುಯ್ಲಿನ ಟೈಮಲ್ಲಿ ವ್ಯಾಪಾರ ಜೋರಿದ್ದಾಗ ಏನೂ ಇಲ್ಲ ಯಾಕಂದ್ರೆ ಗಲ್ಲಾದಲ್ಲೇ ಕ್ಯಾಶ್ ಇತ್ತು, ಹೀಗಿದ್ರೆ 35 ಸಾವಿರ ಅಂತ ಸ್ಲಿಪ್ಪಲ್ಲಿ ಬರೆದ್ರೂ ಅದನ್ನ ನಂಬೋಕೆ ಅವರ ಕೈಲಿ ಏನೂ ಇರಲ್ಲ. ಬ್ಯಾಂಕಿನ ಕಡೆಯಿಂದ ಒಬ್ರು ಅಂಗಡಿಗೇ ಬಂದು ವಿಚಾರಿಸೋದೂ ಉಂಟು, ಆಗ ‘ಓ ಅವ್ರು ಓನರ್ ಮಗ’ ಅಂತ ಅಂಗಡಿ ಹುಡುಗರು ಖುಷಿಯಿಂದ ಹೇಳ್ತಾರೆ. ಅದನ್ನ ಮುಚ್ಚಿಡೋ ಪ್ರಯತ್ನ ಮಾಡ್ಲೇಬೇಡಿ, ಅರ್ಜಿಯಲ್ಲೇ ನಮ್ಮ ಕುಟುಂಬದ ಅಂಗಡಿ ಅಂತ ಬರೀರಿ.

ಈ ತಿಂಗಳಿಂದಲೇ ಶುರು ಮಾಡಿ. ಅಂಗಡಿಯ ಕರೆಂಟ್ ಅಕೌಂಟಿಂದ ನಿಮ್ಮ ಸೇವಿಂಗ್ಸ್ ಅಕೌಂಟಿಗೆ ಪ್ರತಿ ತಿಂಗಳು ಒಂದೇ ತಾರೀಕು, ಒಂದೇ ಮೊತ್ತ, ‘ಸ್ಯಾಲರಿ’ ಅಂತ ಬರೆದು ಟ್ರಾನ್ಸ್‌ಫರ್ ಆಗ್ಲಿ. ಗಲ್ಲಾಗೆ ಕೈ ಹಾಕೋದು ನಿಲ್ಲಿಸಿ. ಇದು ಅಂಗಡಿಗೂ ಒಳ್ಳೇದೇ, ಒಬ್ರಿಗೆ ಒಂದೇ ದಿನ 10 ಸಾವಿರ ದಾಟಿ ಕ್ಯಾಶ್ ಕೊಟ್ರೆ ಅದನ್ನ ಖರ್ಚು ಅಂತ ಟ್ಯಾಕ್ಸ್ ಲೆಕ್ಕದಲ್ಲಿ ತೋರ್ಸೋಕೆ ಬರಲ್ಲ, ದೊಡ್ಡಪ್ಪಂಗೆ ಈ ಮಾತು ಹೇಳಿದ್ರೆ ಬೇಗ ಒಪ್ತಾರೆ. ಸಂಬಳ 25 ಸಾವಿರ ದಾಟಿರೋದ್ರಿಂದ ತಿಂಗಳಿಗೆ 200 ರೂಪಾಯಿ (ಫೆಬ್ರವರೀಲಿ 300) ಪ್ರೊಫೆಷನಲ್ ಟ್ಯಾಕ್ಸ್ ಹಿಡಿದು ಕಟ್ಟಿಸಿ, ಮೊತ್ತ ಚಿಕ್ಕದು, ಆದ್ರೆ ಸರ್ಕಾರದ ರಸೀದಿ ಸಿಗುತ್ತೆ. ಅಂಗಡಿಯ ಆಡಿಟರ್ ಲೆಕ್ಕದಲ್ಲಿ ‘ಸಂಬಳ’ ಅನ್ನೋ ಸಾಲಲ್ಲಿ ನಿಮ್ಮ ಹೆಸರು, ಇದೇ ಮೊತ್ತ ಇರ್ಬೇಕು. ನಿಮಗೆ ಟ್ಯಾಕ್ಸ್ ಬೀಳಲ್ಲ ನಿಜ, ಹೊಸ ಪದ್ಧತೀಲಿ ಸಂಬಳದವರಿಗೆ ವರ್ಷಕ್ಕೆ 12.75 ಲಕ್ಷದವರೆಗೂ ಇಲ್ಲ, ಆದ್ರೂ ರಿಟರ್ನ್ ಹಾಕ್ಲೇಬೇಕು ಅಂತೀನಿ. ಹಳೇದೆಲ್ಲ ಸೇರ್ಸಿ ಒಂದೇ ವಾರದಲ್ಲಿ ಮೂರು ವರ್ಷದ್ದು ಹಾಕ್ಸಿದ್ರೆ ಸಾಕಲ್ವಾ ಅಂತ ಕೆಲವರು ಕೇಳ್ತಾರೆ, ಹಾಕಿದ ತಾರೀಕು ಅದರ ಮೇಲೇ ಇರುತ್ತೆ, ನೋಡಿದ ತಕ್ಷಣ ಗೊತ್ತಾಗುತ್ತೆ.

ಒಂದು ವರ್ಷ ಹೀಗೆ ನಡೆಸಿ ಆಮೇಲೆ ಅರ್ಜಿ ಹಾಕಿ. ಆ ಮನೆ ಅಷ್ಟು ದಿನ ಕಾಯ್ದೇ ಇರಬಹುದು, ಹೋದ್ರೆ ಹೋಗ್ಲಿ, ಇನ್ನೊಂದು ಸಿಗುತ್ತೆ.

ಲೆಕ್ಕ ಹೇಳ್ತೀನಿ. ಹೆಂಡತಿನ ಜೊತೆ ಅರ್ಜಿದಾರರಾಗಿ ಸೇರ್ಸಿ, ಇಬ್ರದ್ದೂ ಸೇರಿ 57 ಸಾವಿರ. ಆದಾಯದಲ್ಲಿ 45 ಪರ್ಸೆಂಟ್ ಇಎಂಐಗೆ ಹೋಗಬಹುದು ಅಂತ ಹಿಡಿದ್ರೆ ಹತ್ತಿರ ಹತ್ತಿರ 25,600. ಕಾರಿನ 8 ಸಾವಿರ ಕಳೆದ್ರೆ ಉಳಿಯೋದು 17,600, ಅದಕ್ಕೆ 9 ಪರ್ಸೆಂಟ್ ಬಡ್ಡೀಲಿ 20 ವರ್ಷಕ್ಕೆ ಸಿಗೋದು ಸುಮಾರು ಹತ್ತೊಂಬತ್ತೂವರೆ ಲಕ್ಷ. ಕಾರ್ ಲೋನ್ ಮುಗ್ಸಿ ಹೋದ್ರೆ ಇಪ್ಪತ್ತೆಂಟು ಲಕ್ಷ ದಾಟುತ್ತೆ. ಈ ವರ್ಷದಲ್ಲಿ ಮೊದ್ಲು ಕಾರ್ ಸಾಲ ತೀರಿಸಿ ಅಂತ ನಾನು ಒತ್ತಿ ಹೇಳೋದು ಇದಕ್ಕೇ. ಉಳಿದ ನಾಲ್ಕು ಲಕ್ಷದ ಹತ್ತಿರ ನಿಮ್ಮ ಕೈಯಿಂದ, ಅದ್ರ ಮೇಲೆ 5 ಪರ್ಸೆಂಟ್ ಸ್ಟ್ಯಾಂಪ್ ಡ್ಯೂಟಿ, ಸೆಸ್ಸು, 2025ರ ಆಗಸ್ಟ್ ಕೊನೆಯಿಂದ 2 ಪರ್ಸೆಂಟ್ ಆಗಿರೋ ರಿಜಿಸ್ಟ್ರೇಷನ್ ಫೀಸು, ಇದಕ್ಕೆ ಎರಡೂವರೆ ಲಕ್ಷ ಬೇರೆ ಇಟ್ಕೊಳ್ಳಿ, ಅದು ಲೋನಲ್ಲಿ ಸೇರಲ್ಲ. ಅಪ್ಪ ಸಹಾಯ ಮಾಡ್ತಾರೆ ಅಂದ್ರೆ ಅವರ ಸ್ವಂತ ಅಕೌಂಟಿಂದ ಬರ್ಲಿ, ಒಂದು ಗಿಫ್ಟ್ ಲೆಟರ್ ಬರೆಸಿಡಿ, ಅಪ್ಪ ಮಗನಿಗೆ ಕೊಟ್ಟಿದ್ದಕ್ಕೆ ಟ್ಯಾಕ್ಸ್ ಇಲ್ಲ. ಮನೆ ಮಾರೋರಿಗೆ ಅಡ್ವಾನ್ಸ್ 20 ಸಾವಿರ ಮತ್ತು ಅದಕ್ಕಿಂತ ಹೆಚ್ಚು ಕ್ಯಾಶಲ್ಲಿ ಕೊಡ್ಬೇಡಿ, ಕಾನೂನು ಪ್ರಕಾರ ತಪ್ಪು.

ನೀವು ಬರೆದಿಲ್ಲ, ಆದ್ರೂ ಕೇಳ್ತೀನಿ. ಅಂಗಡಿಯ ಓಡಿಗೆ (ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲಕ್ಕೆ) ಯಾವಾಗಾದ್ರೂ ಜಾಮೀನು ಸೈನ್ ಹಾಕಿದ್ದೀರಾ? ನಮ್ಮಲ್ಲಿ ‘ಇಲ್ಲೊಂದು ಸೈನ್ ಹಾಕೋ’ ಅಂದ್ರೆ ದೊಡ್ಡೋರಿಗೆ ಎದುರು ಮಾತಾಡ್ದೆ ಹಾಕ್ತೀವಿ, ಅದು ನಿಮ್ಮ ಸಾಲದ ಇತಿಹಾಸ ಹೇಳೋ ಸಿಬಿಲ್ ರಿಪೋರ್ಟಲ್ಲಿ ನಿಮ್ಮ ಹೆಸರಲ್ಲೇ ಕಾಣುತ್ತೆ, ಅಂಗಡಿ ಬಡ್ಡಿ ಕಟ್ಟೋದು ತಡ ಆದ್ರೆ ನಿಮಗೂ ಪೆಟ್ಟು. ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಫ್ರೀ ಸಿಗುತ್ತೆ, ಇವತ್ತೇ ತೆಗೆದು ನೋಡಿ.

ಮನೆ ಪೇಪರಿನ ವಿಷ್ಯದಲ್ಲಿ ಕುಶಾಲನಗರ ನೋಡಿದ್ದು ಒಂದು ರೀತಿ ಸುಲಭ. ಕೊಡಗಿನ ಜಮ್ಮಾ ಜಾಗದಲ್ಲಿ (ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನು) ಕಟ್ಟೋಕೆ ಹೊರಟೋರಿಗೆ ಆರ್‌ಟಿಸೀಲಿ ಪಟ್ಟೆದಾರರ (ಕುಟುಂಬದ ಯಜಮಾನರ) ಹೆಸರು, ಜೊತೆಗೆ ಕುಟುಂಬದ ಎಷ್ಟೋ ಜನರ ಹೆಸರು ಇರೋದ್ರಿಂದ ಅಡಮಾನಕ್ಕೆ ಬ್ಯಾಂಕು ಹಿಂದೇಟು ಹಾಕುತ್ತೆ. ನೀವು ಲೇಔಟ್ ಕನ್ವರ್ಷನ್ ಆಗಿದ್ಯಾ, ಇ-ಖಾತೆ ಇದ್ಯಾ, ಇಸಿ (ಆಸ್ತಿ ಮೇಲೆ ಸಾಲ, ತಕರಾರು ತೋರ್ಸೋ ಋಣಭಾರ ಪತ್ರ) ಕ್ಲಿಯರ್ ಇದ್ಯಾ ನೋಡಿ, ವಕೀಲರಿಗೆ ತೋರ್ಸಿ. 2018 ಮತ್ತೆ 2019ರ ಮಳೇಲಿ ಕಾವೇರಿ ಉಕ್ಕಿ ಅಲ್ಲಿನ ಕೆಲವು ಬಡಾವಣೆಗೆ ನೀರು ನುಗ್ಗಿತ್ತು, ಹಾಗಾಗಿ ಮಾರೋರನ್ನ ಬಿಟ್ಟು ಪಕ್ಕದ ಮನೆಯವರನ್ನ ಕೇಳಿ, ಆ ಎರಡು ವರ್ಷ ನೀರು ಎಲ್ಲೀವರೆಗೆ ಬಂದಿತ್ತು ಅಂತ.

ಪ್ರಶ್ನೆ: ಚಿಕ್ಕಪ್ಪನ ಟಿಂಬರ್ ಡಿಪೋದಲ್ಲಿ ಲೆಕ್ಕ ಬರೀತೀನಿ, ಸಂಬಳ ಸರಿಯಾಗಿ ಬ್ಯಾಂಕಿಗೇ ಬರುತ್ತೆ, ರಿಟರ್ನೂ ಇದೆ. ಬ್ಯಾಂಕು ಡಿಪೋದ ಬ್ಯಾಲೆನ್ಸ್ ಶೀಟ್ ಕೇಳ್ತಿದೆ, ಚಿಕ್ಕಪ್ಪ ಕೊಡಲ್ಲ ಅಂತಾರೆ.
(ಸೋಮವಾರಪೇಟೆ)

ಉತ್ತರ: ಅವರ ಲೆಕ್ಕ ನಿಮ್ಮ ಕೈಗೆ ಬರೋದು ಬೇಡ ಅಂತ ಇರಬಹುದು, ಅದು ಅವರ ಹಕ್ಕು, ಜಗಳ ಮಾಡ್ಬೇಡಿ. ಡಿಪೋದ ಅಕೌಂಟ್ ಇರೋ ಬ್ರಾಂಚಿಗೇ ಹೋಗಿ ಅರ್ಜಿ ಹಾಕಿ, ಡಿಪೋಗೆ ಅಲ್ಲಿ ಸಾಲ ಇದ್ರೆ ಆ ಪೇಪರೆಲ್ಲ ಅವರ ಹತ್ರ ಮೊದ್ಲೇ ಇರುತ್ತೆ. ಇಲ್ಲಾಂದ್ರೆ ಚಿಕ್ಕಪ್ಪನ ಆಡಿಟರೇ ನೇರವಾಗಿ ಬ್ಯಾಂಕಿಗೆ ಕಳಿಸ್ಲಿ, ನಿಮ್ಮ ಮೂಲಕ ಬೇಡ ಅಂತ ಕೇಳ್ಕೊಳ್ಳಿ. ಚಿಕ್ಕಮ್ಮನ ಎದುರು ಕೂತು ಮಾತಾಡಿದ್ರೆ ಇನ್ನೂ ಒಳ್ಳೇದು.