ಜಪಾನಿಗೆ ಜಪಾನಿ ಭಾಷೆ ಓದಲು ಹೊರಟಿರುವವರಿಗೆ

ಪಿಯುಸಿ ಮುಗಿಸಿ, ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯಾದ ಜೆಎಲ್‌ಪಿಟಿಯಲ್ಲಿ ಕೆಳಗಿನಿಂದ ಎರಡನೆಯದಾದ ಎನ್‌4 ಹಂತ ದಾಟಿರುವ ನೀವು, ಜಪಾನಿಗೇ ಬಂದು ಇಲ್ಲಿನ ಭಾಷೆ ಮತ್ತು ಸಂಸ್ಕೃತಿಯಲ್ಲಿ ಪದವಿ ಪಡೆಯುವುದು ಸರಿಯೇ, ಬಿಡುವಿನಲ್ಲಿ ದುಡಿದು ಶುಲ್ಕ ತುಂಬಬಹುದೇ ಎಂದು ಕೇಳಿದ್ದೀರಿ. ಇದೇ ವಿಷಯ ಓದಿ ಒಸಾಕಾದಲ್ಲಿ ನೆಲೆ ನಿಂತವಳು ನಾನು. ಖಂಡಿತ ಬನ್ನಿ, ಆದರೆ ಈಗಲೇ ಬೇಡ.

ಈ ಭಾಷೆಯ ವ್ಯಾಕರಣ ಕನ್ನಡಿಗರನ್ನು ಅಷ್ಟಾಗಿ ಕಾಡುವುದಿಲ್ಲ. ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ನಾಮಪದಕ್ಕೆ ವಿಭಕ್ತಿಯಂಥ ಪ್ರತ್ಯಯಗಳು ಹತ್ತುತ್ತವೆ. ಉಚ್ಚಾರಣೆಯನ್ನು ಸೂಚಿಸುವ ಕಾನಾ ಅಕ್ಷರಗಳನ್ನು ಜೋಡಿಸಿರುವ ಕ್ರಮವೂ ಬೌದ್ಧರ ಸಿದ್ಧಂ ಲಿಪಿಯ ಅಧ್ಯಯನದ ಮೂಲಕ ಭಾರತದ ವರ್ಣಮಾಲೆಯಿಂದಲೇ ಬಂದದ್ದು. ಮೊದಲ ವರ್ಷದ ಈ ಸಲೀಸನ್ನು ನಂಬಿ ಕೂರಬೇಡಿ. ಕಷ್ಟವಿರುವುದು ಓದಿನಲ್ಲಿ. ನಿತ್ಯಬಳಕೆಗೆಂದು ಸರ್ಕಾರ ಗೊತ್ತುಪಡಿಸಿರುವ ಕಾಂಜಿಗಳೇ, ಅಂದರೆ ಚೀನಾದಿಂದ ಬಂದ ಅಕ್ಷರಗಳೇ, 2,136. ಸಾಹಿತ್ಯ ವಿಭಾಗದಲ್ಲಿ ಅವೂ ಸಾಲುವುದಿಲ್ಲ.

ಸಾಮಾನ್ಯವಾಗಿ ಮೂರನೆಯ ವರ್ಷದಲ್ಲಿ, ಒಬ್ಬ ಪ್ರಾಧ್ಯಾಪಕರ ಸುತ್ತ ಕೆಲವೇ ವಿದ್ಯಾರ್ಥಿಗಳು ಕೂರುವ ‘ಜೆಮಿ’ ತರಗತಿಗೆ ಸೇರಬೇಕಾಗುತ್ತದೆ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಮುರಾಸಾಕಿ ಶಿಕಿಬು ಬರೆದ ಗೆಂಜಿ ಕಥೆಯ ಒಂದು ಪುಟ ನಿಮ್ಮ ಪಾಲಿಗೆ ಬಂತೆನ್ನಿ: ಒಂದೊಂದು ಕ್ರಿಯಾರೂಪವನ್ನೂ ಬಿಡಿಸಿ, ಕರ್ತೃಪದವೇ ಇಲ್ಲದ ವಾಕ್ಯದಲ್ಲಿ ಮಾತಾಡುತ್ತಿರುವವರು ಯಾರೆಂದು ಗೌರವರೂಪಗಳ ಆಧಾರದಿಂದಲೇ ಗುರುತಿಸಿ, ಹಳೆಯ ವ್ಯಾಖ್ಯಾನಗಳು ಎಲ್ಲೆಲ್ಲಿ ಬೇರೆಯಾಗುತ್ತವೆಂದು ಟಿಪ್ಪಣಿ ಬರೆದು, ಅದರ ಪ್ರತಿಗಳನ್ನು ಎಲ್ಲರಿಗೂ ಹಂಚಿ, ಕೇಳಿದ ಪ್ರಶ್ನೆಗಳಿಗೆ ಜಪಾನಿಯಲ್ಲೇ ಉತ್ತರಿಸಬೇಕು. ಸಹಪಾಠಿಗಳು ಹಳೆಯ ಜಪಾನಿಯನ್ನು ಶಾಲೆಯಲ್ಲೇ ಕಲಿತಿರುತ್ತಾರೆ. ನಿಮ್ಮ ಸ್ಥಿತಿ ಹೊಸಗನ್ನಡ ಮಾತ್ರ ಬಲ್ಲವರು ಪಂಪಭಾರತ ಬಿಡಿಸಲು ಕೂತಂತೆ. ನನಗಂತೂ ನಾಲ್ಕು ವರ್ಷಗಳಲ್ಲಿ ಅತ್ಯಂತ ರುಚಿಸಿದ್ದು ಇದೇ ತರಗತಿ, ಆದರೆ ಎನ್‌4ರ ಬಲದಲ್ಲಿ ಅದು ರುಚಿಸುವ ಮಾತೇ ಇಲ್ಲ.

ಇನ್ನು ಹಣ. ವಿದ್ಯಾರ್ಥಿ ವೀಸಾದವರು ಪ್ರತ್ಯೇಕ ಅನುಮತಿ ಪಡೆದು ವಾರಕ್ಕೆ 28 ಗಂಟೆ, ದೀರ್ಘ ರಜೆಯಲ್ಲಿ ದಿನಕ್ಕೆ 8 ಗಂಟೆಯವರೆಗೆ ದುಡಿಯಬಹುದು. ರಾಷ್ಟ್ರೀಯ ವಿಶ್ವವಿದ್ಯಾಲಯಗಳ ಪ್ರಮಾಣಿತ ಶುಲ್ಕ ವರ್ಷಕ್ಕೆ 5,35,800 ಯೆನ್, ಸೇರುವಾಗ ಇನ್ನೂ 2,82,000 ಯೆನ್. ಕೆಲವೆಡೆ ಈಚೆಗೆ ಹೆಚ್ಚೂ ಆಗಿದೆ. ದುಡಿದದ್ದು ಬಾಡಿಗೆಗೂ ಊಟಕ್ಕೂ ಆದೀತು, ಶುಲ್ಕವನ್ನೂ ಅದರಲ್ಲೇ ತುಂಬುತ್ತೇನೆಂದು ಹೊರಟರೆ ಓದಿಗೆ ರಾತ್ರಿಗಳೇ ಉಳಿಯುವುದಿಲ್ಲ. (ಸಸ್ಯಾಹಾರಿಗಳಾಗಿದ್ದರೆ ಅಡುಗೆ ಕಲಿತೇ ಬನ್ನಿ, ಇಲ್ಲಿ ಮಿಸೊ ಸಾರಿಗೂ ಸಾಮಾನ್ಯವಾಗಿ ಒಣಮೀನಿನ ರಸ ಬಿದ್ದಿರುತ್ತದೆ.)

ನನ್ನ ಸಲಹೆ ಇಷ್ಟು: ದೆಹಲಿಯ ಜೆಎನ್‌ಯುನಲ್ಲೋ ಶಾಂತಿನಿಕೇತನದಲ್ಲೋ ಜಪಾನಿ ಬಿ.ಎ.ಗೆ ಸೇರಿ. ಹೊರದೇಶಗಳ ವಿಶ್ವವಿದ್ಯಾಲಯಗಳಲ್ಲಿ ಜಪಾನಿ ಭಾಷೆ, ಸಂಸ್ಕೃತಿಯನ್ನು ಮುಖ್ಯ ವಿಷಯವಾಗಿ ಓದುತ್ತಿರುವವರಿಗೆಂದೇ ಜಪಾನ್ ಸರ್ಕಾರದ ವಿದ್ಯಾರ್ಥಿವೇತನವೊಂದಿದೆ. ಅದು ದೊರೆತರೆ ಶುಲ್ಕದ ಚಿಂತೆಯಿಲ್ಲದೆ ಸುಮಾರು ಒಂದು ವರ್ಷ ಇಲ್ಲಿ ಓದಬಹುದು. ಆಮೇಲೆ ಎಂ.ಎ.ಗೆ ಬರುವುದು ಸುಲಭ. ನೇರವಾಗಿ ಪದವಿಗೇ ಬರಬೇಕೆಂಬ ಹಟವಿದ್ದರೆ ಮೊದಲು ಜೆಎಲ್‌ಪಿಟಿಯ ಮೇಲಿನ ಹಂತವಾದ ಎನ್‌2 ಮುಗಿಸಿ, ವಿದೇಶಿ ವಿದ್ಯಾರ್ಥಿಗಳ ಪ್ರವೇಶಕ್ಕೆಂದು ಜೂನ್ ಮತ್ತು ನವೆಂಬರ್‌ನಲ್ಲಿ ನಡೆಯುವ ಇಜೆಯು ಪರೀಕ್ಷೆಗೆ ಸಿದ್ಧರಾಗಿ. ಇಲ್ಲಿ ತರಗತಿಗಳು ಏಪ್ರಿಲ್‌ನಲ್ಲಿ ಆರಂಭವಾಗುತ್ತವೆ.