ಪ್ರತಿಕ್ರಿಯೆ: ಔಷಧಿ ಮುಗಿಯುವವರೆಗೆ ಕಾರ್ಬನ್ ಬೇಡ

ಡೊಂಬಿವಲಿಯ ಗೆಳೆಯರೇ, ಅಕ್ವೇರಿಯಂ ಮೀನಿಗೆ ಬಿಳಿಚುಕ್ಕೆ ರೋಗ ಬಂದು ಮೆಥಿಲೀನ್ ಬ್ಲೂ ಎಂಬ ಔಷಧಿ ಹಾಕಿದ್ದೀನಿ, ನೀರು ನೀಲಿಯಾಗಿದೆ, ಆಕ್ಟಿವೇಟೆಡ್ ಕಾರ್ಬನ್ (ಬಣ್ಣ ಹೀರುವ ಇದ್ದಿಲು) ಹಾಕಲೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಬೇಡ! ಅದು ಬಣ್ಣದ ಜೊತೆ ಔಷಧಿಯನ್ನೂ ಹೀರಿಬಿಡುತ್ತದೆ, ಮೀನಿಗೆ ಏನೂ ಉಳಿಯುವುದಿಲ್ಲ. ಫಿಲ್ಟರ್‌ನಲ್ಲಿ ಹಳೆಯದು ಇದ್ದರೆ ಅದನ್ನೂ ತೆಗೆದಿಡಿ.

ಚಿಕಿತ್ಸೆ ಮುಗಿದ ಮೇಲೆ, ಹೊಸ ಕಾರ್ಬನ್ನನ್ನು ಕಪ್ಪು ಪುಡಿ ಹೋಗುವವರೆಗೆ ತೊಳೆದು, ಜಾಲರಿ ಚೀಲದಲ್ಲಿ ಕಟ್ಟಿ, ನೀರು ಸ್ಪಂಜು ದಾಟಿ ಬರುವ ಕಡೆ ಇಡಿ. ಇಲ್ಲದಿದ್ದರೆ ಕಸ ಮೆತ್ತಿ ಅದರ ಸಣ್ಣ ರಂಧ್ರಗಳೆಲ್ಲ ಮುಚ್ಚಿಹೋಗುತ್ತವೆ. ಮುಂಬೈನ ಕುರ್ಲಾದಿಂದ ತಂದ ಕಾರ್ಬನ್ನನ್ನು ನಾನು 3-4 ವಾರಕ್ಕೆ ಬದಲಿಸುತ್ತೇನೆ. ಬಿಸಿಲಲ್ಲಿ ಒಣಗಿಸಿ ಮತ್ತೆ ಬಳಸಬೇಡಿ, ಆ ಶಾಖ ಸಾಲದು. ಮೀನಿನ ತ್ಯಾಜ್ಯದಿಂದ ಬರುವ ವಿಷಕಾರಿ ಅಮೋನಿಯಾ ಮಾತ್ರ ಕಾರ್ಬನ್ನಿಂದ ಹೋಗದು. ಅದಕ್ಕೆ ಫಿಲ್ಟರ್‌ನ ಬ್ಯಾಕ್ಟೀರಿಯಾ ಬೇಕು, ವಾರಕ್ಕೊಮ್ಮೆ ಕಾಲು ಭಾಗ ನೀರನ್ನೂ ಬದಲಿಸಿ.